ಒಂದು ಊರಿಗೆಲ್ಲ ಒಂದೇ ಇಮೇಲ್

ಅಪ್ಪೆ ಮರ ಹೂ ಬಿಟ್ಟ ವಾರದಲ್ಲೇ ನನ್ನ ಫೋನಿನ ಮೆಸೇಜ್ ಆ್ಯಪ್ ಬಂದ್ ಆಯಿತು. ತಪ್ಪು ನನ್ನದೇ. ಹಿಂದಿನ ಸಲದ ಮಿಡಿ ಮಾವಿನಕಾಯಿಯ ಫೋಟೊವನ್ನು ಗುರುತಿದ್ದವರು, ಗುರುತಿಲ್ಲದವರು ಎನ್ನದೆ ಕಂಡಕಂಡ ಗುಂಪುಗಳಿಗೆಲ್ಲ ಒಂದೇ ಬೆಳಿಗ್ಗೆ ಕಳಿಸಿದ್ದೆ. ಊಟ ಮುಗಿಸಿ ಬಂದು ನೋಡಿದರೆ, ಈ ನಂಬರನ್ನು ನಿಲ್ಲಿಸಲಾಗಿದೆ ಎಂಬ ಒಂದು ಸಾಲು ಬಿಟ್ಟರೆ ಪರದೆಯ ಮೇಲೆ ಏನೂ ಇರಲಿಲ್ಲ. ಸಾಗರದ ಪೇಟೆಯಲ್ಲಿ ಬಳೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಊರವರ ಹಪ್ಪಳ, ಜೋನಿ ಬೆಲ್ಲ, ಉಪ್ಪಿನಕಾಯಿಗಳನ್ನು ಆನ್‌ಲೈನಿನಲ್ಲಿ ಮಾರಿಕೊಡುವುದು ನನ್ನ ಕೆಲಸ. ನನ್ನ ಗಿರಾಕಿಗಳೆಲ್ಲ ಆ ಗುಂಪುಗಳಲ್ಲೇ ಇದ್ದರು. ಒಂದು ಊಟದ ಹೊತ್ತಿನಲ್ಲಿ ನನಗೆ ಯಾರೂ ಇಲ್ಲದಂತಾಯಿತು.

ಬೇರೆ ಸಾಮಾನಾಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ನನಗೆ ಮಿಡಿ ಕೊಡುವ ನಿಟ್ಟೂರಿನ ಅಕ್ಕನಿಗೆ ನಾನು ಮಾತು ಕೊಟ್ಟು ಬಂದಾಗಿತ್ತು. ಅವರ ಮನೆಯ ಕೆಳಗೆ, ಹಳ್ಳದ ಅಂಚಿನಲ್ಲಿ, ಒಂದು ದೊಡ್ಡ ಅಪ್ಪೆ ಮರ ಇದೆ. ಅಪ್ಪೆಯೆಂದರೆ ಮಿಡಿ ಉಪ್ಪಿನಕಾಯಿಗೆಂದೇ ಹೆಸರಾದ ಕಾಡು ಮಾವು. ಎಳೆಗಾಯಿಯ ತೊಟ್ಟು ಮುರಿದರೆ ಸಾಕು, ಜೀರಿಗೆಯಂಥ ಪರಿಮಳ ಕೈಯಲ್ಲೇ ಉಳಿಯುತ್ತದೆ. ಆ ಮರವನ್ನು ಹಲವು ವರ್ಷಕ್ಕೆ ಗುತ್ತಿಗೆ ಕೊಡಿ ಎಂದು ಒಬ್ಬ ವ್ಯಾಪಾರಿ ಅಕ್ಕನ ಮೈದುನನ ಬೆನ್ನು ಹತ್ತಿದ್ದ. ವ್ಯಾಪಾರಿಗಳ ಆಳುಗಳಿಗೆ ಒಂದೊಂದೇ ಮಿಡಿ ಕೊಯ್ಯುವ ಪುರುಸೊತ್ತು ಇರುವುದಿಲ್ಲ. ಟೊಂಗೆಯನ್ನೇ ಕಡಿದು ಕೆಳಗೆ ಹಾಕಿ, ನೆಲದಲ್ಲಿ ಕೂತು ಬಿಡಿಸಿಕೊಂಡು ಹೋಗುತ್ತಾರೆ. ಪಕ್ಕದ ಮನೆಯವರ ಮರ ಹಾಗೇ ಬೋಳಾಗಿ ಹೋಗಿದ್ದನ್ನು ಅಕ್ಕ ದಿನಾ ನೋಡುತ್ತಿದ್ದರು.

ಮೈದುನ ಕೆಟ್ಟವರಲ್ಲ. ಮಿಡಿ ಮಾರಾಟದ ತಲೆಬಿಸಿ ಅವರಿಗೆ ಸಾಕಾಗಿತ್ತು, ಅಷ್ಟೇ. ಒಂದು ದಿನ ಜಗಲಿಯಲ್ಲಿ ನನ್ನೆದುರಿಗೇ ಮಾತು ಮುಗಿಯಿತು. ಕೊಯ್ಲಿನ ದಿನ ಬರುವುದರೊಳಗೆ ಮರದ ಅಷ್ಟೂ ಮಿಡಿಗೆ ಗಿರಾಕಿಗಳು ಹೆಸರು ಬರೆಸಿದರೆ, ಮರ ಹತ್ತುವವರನ್ನು ಕರೆಸಿ ಕೈಯಲ್ಲೇ ಕೊಯ್ಯಿಸುವುದು. ಇಲ್ಲದಿದ್ದರೆ ಅದೇ ದಿನ ಮರ ವ್ಯಾಪಾರಿಗೆ. ಮೈದುನ ಸರಿಯೆಂದರು. ಅಕ್ಕ ಅವರಿಗೆ ಒಂದೇ ಮಾತು ಹೇಳಿದರು. “ಅಲ್ಲಿವರೆಗೆ ಎಂತ ಆದ್ರೂ ಟೊಂಗೆ ಮುಟ್ಟಡ.” ಆಮೇಲೆ ನನ್ನ ಕಡೆ ತಿರುಗಿ, “ತಂಗಿ, ನಿನ್ನ ಕಂಪ್ಯೂಟರ್ ನಂಬ್ಕಂಡಿದೀನಿ” ಎಂದರು.

ಹೆಸರು ಮೊದಲೇ ಬರೆಸಬೇಕಾದದ್ದಕ್ಕೆ ಕಾರಣ ಇದೆ. ಮಿಡಿ ಯಾರಿಗೂ ಕಾಯುವುದಿಲ್ಲ. ಗೊರಟು ಗಟ್ಟಿಯಾಗುವ ಮೊದಲು, ತೊಟ್ಟು ಉಳಿಸಿಕೊಂಡು ಕೊಯ್ಯಬೇಕು, ನೆಲಕ್ಕೆ ಬೀಳಿಸಬಾರದು, ಕೊಯ್ದ ಮರುದಿನದೊಳಗೆ ಉಪ್ಪು ಕಾಣಿಸಬೇಕು. ಪೆಟ್ಟು ತಿಂದ ಒಂದು ಮಿಡಿ ಭರಣಿಯಲ್ಲಿ ಮೆತ್ತಗಾಗಿ ಉಳಿದವನ್ನೂ ಕೆಡಿಸುತ್ತದೆ. ಕೊಯ್ದಾದ ಮೇಲೆ ಗಿರಾಕಿ ಹುಡುಕುತ್ತ ಹೊರಟರೆ ಕೈಯಲ್ಲಿ ಉಳಿಯುವುದು ಸೊನೆ ಮಾತ್ರ.

ನಾನು ಹಿಂದೊಮ್ಮೆ ದುಡ್ಡು ಕಟ್ಟಿ ಆನ್‌ಲೈನ್ ಮಾರ್ಕೆಟಿಂಗ್ ಕೋರ್ಸ್ ಮಾಡಿದ್ದೆ. ಪ್ರತಿ ಪಾಠದಲ್ಲೂ ಬೇರೆ ಬೇರೆ ಬಣ್ಣದ ಕೋಟು ಹಾಕಿಕೊಂಡು ಬರುತ್ತಿದ್ದ ಅಲ್ಲಿನ ಮೇಷ್ಟ್ರು ಹೇಳಿದ್ದು ಇಷ್ಟು: ಆ್ಯಪು ಇನ್ನೊಬ್ಬರದು, ಇಮೇಲ್ ಲಿಸ್ಟ್ ಮಾತ್ರ ನಿಮ್ಮದು. ಆಗ ಆಕಳಿಸುತ್ತ ಕೇಳಿದ್ದ ಮಾತು ಈಗ ಕಿವಿಯಲ್ಲಿ ಗುಂಯ್ಗುಡತೊಡಗಿತು. ಲಿಸ್ಟ್ ಕಟ್ಟಿಯೇ ಬಿಡುವುದೆಂದು ಕೂತೆ.

ಸುಮ್ಮನೆ ಕೇಳಿದರೆ ಯಾರೂ ಇಮೇಲ್ ಕೊಡುವುದಿಲ್ಲ, ಬದಲಿಗೆ ಏನಾದರೂ ಕೊಡಬೇಕು ಎಂಬುದೂ ಆ ಮೇಷ್ಟ್ರ ಪಾಠವೇ. ಅಕ್ಕನ ಅಡುಗೆಮನೆಯಲ್ಲಿ ಕೂತು ಮಿಡಿ ಉಪ್ಪಿನಲ್ಲಿ ಹಾಕುವ ಕ್ರಮವನ್ನು ಪುಟ್ಟ ಪುಸ್ತಕ ಮಾಡಿದೆ. ಬಟ್ಟೆಯಲ್ಲಿ ಒರೆಸುವುದು, ಕಲ್ಲುಪ್ಪು ಹುರಿದು ಆರಿಸುವುದು, ಒಂದು ಪದರ ಮಿಡಿ ಒಂದು ಪದರ ಉಪ್ಪು, ಮೇಲೆ ಭಾರ, ಮಿಡಿ ಸುಕ್ಕುಗಟ್ಟುವವರೆಗೆ ಆಗಾಗ ಕೈಯಾಡಿಸುವುದು. ಉಪ್ಪಿನ ಅಳತೆ ಕೇಳಿದರೆ ಅಕ್ಕ “ಕೈಗೆ ಗೊತ್ತಾಗ್ತದೆ” ಎನ್ನುತ್ತಿದ್ದರು. ಕೊನೆಗೆ ಅವರ ಕೈಯನ್ನೇ ತಕ್ಕಡಿಗೆ ತಂದು ಅಳತೆ ಬರೆದುಕೊಂಡೆ. ಹೆಸರು, ಊರು, ಇಮೇಲ್ ತುಂಬಿದವರಿಗೆ ಮೊದಲು ‘ಹೌದು, ನಾನೇ’ ಎಂದು ಒತ್ತಲು ಒಂದು ಮೇಲ್, ಒತ್ತಿದ ಮೇಲೆ ಆ ಪುಸ್ತಕ. ಹಾಗೆ ಫಾರ್ಮ್ ಜೋಡಿಸಿ, ಕ್ಯೂಆರ್ ಕೋಡನ್ನು ರಟ್ಟಿಗೆ ಅಂಟಿಸಿಕೊಂಡು ಸ್ಕೂಟರ್ ಹತ್ತಿದೆ.

ಮೊದಲು ಹೊಳೆಬಾಗಿಲಿಗೆ ಹೋದೆ. ಸೇತುವೆ ಕೆಲಸ ಇನ್ನೂ ನಡೆಯುತ್ತಿದ್ದ ಕಾಲ ಅದು. ಸಿಗಂದೂರಿಗೆ ಹೋಗುವವರೆಲ್ಲ ಹಿನ್ನೀರು ದಾಟಿಸುವ ಲಾಂಚಿಗಾಗಿ ಸಾಲುಗಟ್ಟಿ ಕಾಯುತ್ತಿದ್ದರು. ಕಾಯುವವರಿಗಿಂತ ಒಳ್ಳೆ ಗಿರಾಕಿ ಎಲ್ಲಿ ಸಿಗಬೇಕು ಎಂದು ನನ್ನ ಲೆಕ್ಕ. ಕಾರಿನ ಕಿಟಕಿ ಇಳಿಸಿ ಎಲ್ಲರೂ ನಗುನಗುತ್ತ ಹೆಸರು ತುಂಬಿದರು. ಒಬ್ಬರಂತೂ ಅತ್ತೆ, ನಾದಿನಿ, ಡ್ರೈವರ್ ಎಲ್ಲರದ್ದೂ ತುಂಬಿದರು. ಮನೆಗೆ ಬಂದು ಊರಿನ ಕಾಲಂ ನೋಡಿದಾಗ ನಗು ಇಳಿಯಿತು. ಎಲ್ಲ ಬಯಲುಸೀಮೆಯ ದೂರದ ಊರುಗಳು, ಒಂದೇ ದಿನದಲ್ಲಿ ಮಿಡಿ ತಲುಪಿಸಲಾಗದ ಜಾಗಗಳು. ತೀರ್ಥಹಳ್ಳಿಯ ಮಹಿಳಾ ಸಂಘದ ಸಭೆಯಲ್ಲಿ ಮಾತಾಡಲು ಅವಕಾಶ ಸಿಕ್ಕಿತು. ಹೆಂಗಸರು ಚಪ್ಪಾಳೆ ತಟ್ಟಿದರು, ಪುಸ್ತಕವನ್ನು ಒಬ್ಬರೇ ಇಳಿಸಿಕೊಂಡು ಉಳಿದವರಿಗೆಲ್ಲ ದಾಟಿಸಿದರು. ಮೇಷ್ಟ್ರ ಪಾಠದಲ್ಲಿ ಇದಕ್ಕೆ ಔಷಧ ಇರಲಿಲ್ಲ.

ಕೋಣಂದೂರಿನಲ್ಲಿ ಮಾತ್ರ ಸುಗ್ಗಿಯಾಯಿತು. ಸಂತೆಯ ದಿನ ಒಂದು ಮೇಜು ಹಾಕಿಕೊಂಡು ಕೂತಿದ್ದೆ. ನೆಟ್‌ವರ್ಕ್ ಕೈಕೊಟ್ಟಿದ್ದರಿಂದ ಹಾಳೆ ಪೆನ್ನು ಇಟ್ಟೆ. ಬಂದವರು ಒಂದಿಷ್ಟೂ ತಡವರಿಸದೆ ಹೆಸರಿನ ಮುಂದೆ ಇಮೇಲ್ ಬರೆಯುತ್ತಿದ್ದರು. ಬರೆಯಲು ಬಾರದ ಅಜ್ಜಿಯೊಬ್ಬರು ಬಾಯಲ್ಲೇ ಹೇಳಿ ಬರೆಸಿದರು. ಸಾಗರದವರಿಗಿಂತ ಇವರು ಮುಂದಿದ್ದಾರೆ ಎಂದು ಬೀಗುತ್ತ ಮನೆಗೆ ಬಂದು ಹಾಳೆಗಳನ್ನು ಟೈಪ್ ಮಾಡಲು ಕೂತೆ. ಎರಡನೇ ಹೆಸರು ತುಂಬಿದ ಕೂಡಲೇ ಸಾಫ್ಟ್‌ವೇರ್ ಈ ವಿಳಾಸ ಈಗಾಗಲೇ ಇದೆ ಎಂದಿತು. ಮೂರನೆಯದಕ್ಕೂ ಅದನ್ನೇ ಹೇಳಿತು. ಹಾಳೆ ಎತ್ತಿ ಮೇಲಿನಿಂದ ಕೆಳಗೆ ನೋಡಿದೆ. ಕೈಬರಹ ಬೇರೆ, ಹೆಸರು ಬೇರೆ, ಇಮೇಲ್ ಮಾತ್ರ ಒಂದೇ. ಪರೀಕ್ಷೆಯಲ್ಲಿ ಪಕ್ಕದವರದ್ದು ನೋಡಿ ಬರೆದ ಹಾಗೆ ಎಲ್ಲರೂ ಮೇಲಿನ ಸಾಲನ್ನು ನಕಲು ಮಾಡಿದ್ದಾರೆ ಎಂದು ನನಗೆ ಮೈಯೆಲ್ಲ ಉರಿಯಿತು. ಹಾಳೆ ಹರಿಯಲು ಎತ್ತಿದ ಕೈ, ಹಿಂದುಗಡೆ ಅಕ್ಕಿಯ ಲೆಕ್ಕ ಬರೆದಿದ್ದೆನಲ್ಲ ಎಂದು ನೆನಪಾಗಿ ನಿಂತಿತು.

ಆ ಒಂದು ವಿಳಾಸವನ್ನೂ ಸೇರಿಸಿ, ‘ಮರ ಮಿಡಿಗಟ್ಟಿದೆ’ ಎಂಬ ತಲೆಬರಹದಲ್ಲಿ ಮೊದಲ ಮೇಲ್ ಕಳಿಸಿದೆ. ಯಾರು ತೆರೆದರು, ಎಷ್ಟು ಸಲ ತೆರೆದರು ಎಂದು ತೋರಿಸುವ ವರದಿಯೊಂದು ಇರುತ್ತದೆ. ಹೊಳೆಬಾಗಿಲಿನವರಲ್ಲಿ ಹೆಚ್ಚಿನವರು ತೆರೆಯಲೇ ಇಲ್ಲ. ಕೆಲವರಿಗೆ ನಾನು ಸ್ಪ್ಯಾಮ್ ಆಗಿದ್ದೆ. ಆದರೆ ಕೋಣಂದೂರಿನ ಆ ಒಂಟಿ ವಿಳಾಸ ಬೆಳಿಗ್ಗೆ ತೆರೆಯಿತು, ಮತ್ತೆ ತೆರೆಯಿತು, ಸಂಜೆಯವರೆಗೂ ತೆರೆಯುತ್ತಲೇ ಇತ್ತು. ಒಬ್ಬ ಮನುಷ್ಯ ನನ್ನ ಮೇಲನ್ನು ಇಷ್ಟು ಪ್ರೀತಿಯಿಂದ ಓದುತ್ತಿದ್ದಾನೆ ಎಂದರೆ ಅವನಿಗೆ ಏನೋ ಆಗಿರಬೇಕು. ನೋಡಿಕೊಂಡೇ ಬರುವುದೆಂದು ಹೊರಟೆ.

ಅದು ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯ ವಿಳಾಸವಾಗಿತ್ತು. ಜೆರಾಕ್ಸ್, ಪಹಣಿ, ಕರೆಂಟ್ ಬಿಲ್, ಪಾಸ್‌ಪೋರ್ಟ್ ಸೈಜ್ ಫೋಟೊ ಎಲ್ಲ ಅಲ್ಲೇ. ಗಾಜಿನ ಮೇಲೆ ಬಸ್ಸಿನ ವೇಳಾಪಟ್ಟಿಗೂ ಕಳೆದುಹೋದ ಎಮ್ಮೆಯ ಫೋಟೊಗೂ ನಡುವೆ ನನ್ನ ಮೇಲ್ ಅಂಟಿಕೊಂಡಿತ್ತು. ಅಂಗಡಿಯವರು ಐವತ್ತರ ಆಸುಪಾಸಿನವರು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದರು. ನಾನು ಯಾರೆಂದು ಹೇಳಿದ್ದೇ ತಡ, ಸ್ಟೂಲ್ ಎಳೆದು ಕೂರಿಸಿದರು.

“ಇಲ್ಲಿ ಯಾರನ್ನ ಇಮೇಲ್ ಕೇಳಿದ್ರೂ ನಂದೇ ಕೊಡೋದು ಮೇಡಂ. ರೇಷನ್ ಕಾರ್ಡಿಗೂ ಅದೇ, ಬೆಳೆ ವಿಮೆಗೂ ಅದೇ” ಎಂದರು. “ಬಂದಿದ್ದನ್ನ ನಾನು ಓದಿ ಹೇಳ್ತೀನಿ. ಮಿಡಿ ಫೋಟೊ ಕಲರಲ್ಲಿ ನೋಡ್ಬೇಕು ಅಂದೋರಿಗೆಲ್ಲ ಮತ್ತೆ ಮತ್ತೆ ತೆಗ್ದು ತೋರ್ಸಿದೀನಿ.”

ಹಾಳೆಯಲ್ಲಿ ಯಾರೂ ನಕಲು ಮಾಡಿರಲಿಲ್ಲ. ಎಲ್ಲರೂ ತಮ್ಮದೆಂದು ಗೊತ್ತಿದ್ದ ವಿಳಾಸವನ್ನೇ ಬರೆದಿದ್ದರು. ನಾನು ಕೂತಿದ್ದಷ್ಟು ಹೊತ್ತಿನಲ್ಲಿ ಮೂರ್ನಾಲ್ಕು ಜನ ಬಂದು, ಮಿಡಿ ಯಾವಾಗ, ನೂರಕ್ಕೆ ಎಷ್ಟು, ತೊಟ್ಟು ಇರುತ್ತದೋ ಇಲ್ಲವೋ ಎಂದು ನನ್ನನ್ನೇ ವಿಚಾರಿಸಿ ಹೋದರು. ಹೊಳೆಬಾಗಿಲಿನ ಅಷ್ಟೂ ಕಾರುಗಳಲ್ಲಿ ಒಬ್ಬರೂ ಕೇಳದ ಪ್ರಶ್ನೆಗಳು ಅವು. ಒಂದು ವಿಳಾಸಕ್ಕೆ ಒಬ್ಬನೇ ಮನುಷ್ಯ, ತೆರೆಯದವರನ್ನು ಆಗಾಗ ಗುಡಿಸಿ ಹಾಕಿ ಎಂದು ಮೇಷ್ಟ್ರು ಹೇಳಿದ್ದರು. ಗುಡಿಸಿದೆ. ಹೊಳೆಬಾಗಿಲಿನವರನ್ನೆಲ್ಲ ತೆಗೆದುಹಾಕಿ, ನನ್ನ ಲಿಸ್ಟ್ ಎಂದರೆ ಇನ್ನು ಇಂಥ ಅಂಗಡಿಗಳೇ ಎಂದು ಅಲ್ಲೇ ಸ್ಟೂಲಿನ ಮೇಲೆ ತೀರ್ಮಾನಿಸಿದೆ.

ಮರುದಿನದಿಂದ ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಪೇಟೆಗಳಲ್ಲಿ ಕಂಪ್ಯೂಟರ್ ಅಂಗಡಿಗಳ ಕದ ತಟ್ಟುತ್ತ ಹೊರಟೆ. ತೀರ್ಥಹಳ್ಳಿಯ ಒಬ್ಬರು ಇದೇನು ಪಂಚಾಯ್ತಿ ಬೋರ್ಡಾ ಎಂದು ಗದರಿ ಕಳಿಸಿದರು, ಪಕ್ಕದ ಬೀದಿಯವರು ಒಪ್ಪಿದರು. ಹೊಸನಗರದವರು ಒಪ್ಪಿದ್ದಲ್ಲದೆ ತಮ್ಮ ಮನೆಗೂ ಎರಡು ನೂರು ಮಿಡಿ ಬರೆಸಿದರು. ಇಮೇಲಿನ ರೂಪವನ್ನೇ ಬದಲಿಸಿದೆ. ಬಣ್ಣ, ಚಿತ್ರ, ಮಿನುಗುವ ಬಟನ್ನು ಎಲ್ಲ ಹೋಯಿತು. ಒಂದೇ ಪುಟ, ಗಾಜಿನಾಚೆ ನಿಂತು ಓದುವಷ್ಟು ದೊಡ್ಡ ಅಕ್ಷರ, ಕೆಳಗೆ ಹೆಸರು ಮತ್ತು ಎಷ್ಟು ನೂರು ಎಂದು ಬರೆಯಲು ಖಾಲಿ ಗೆರೆಗಳು. ಅಂಗಡಿಯವರು ತುಂಬಿದ ಹಾಳೆಯ ಫೋಟೊ ತೆಗೆದು ಅದೇ ಮೇಲಿಗೆ ಉತ್ತರವಾಗಿ ಕಳಿಸುವುದು. ತೀರಾ ಕೊನೆಯಲ್ಲಿ, ಕಾನೂನಿನ ಪ್ರಕಾರ ಇರಲೇಬೇಕೆಂದು ಸಾಫ್ಟ್‌ವೇರ್ ತಾನೇ ಸೇರಿಸುವ ಒಂದು ಸಣ್ಣಕ್ಷರದ ಸಾಲು ಇತ್ತು: ಹೆಸರು ತೆಗೆಯಲು ಇಲ್ಲಿ ಒತ್ತಿ.

ಹೆಸರುಗಳು ಬರತೊಡಗಿದವು. ನಾನು ಫೋನಿನಲ್ಲಿ ಓದುತ್ತಿದ್ದರೆ ಅಕ್ಕ ಆ ತುದಿಯಿಂದ ಒಂದೊಂದು ಟೊಂಗೆಯನ್ನು ಒಂದೊಂದು ಊರಿಗೆ ಹಂಚುತ್ತಿದ್ದರು. ಹಳ್ಳದ ಕಡೆಯ ಟೊಂಗೆ ಹೊಸನಗರಕ್ಕೆ, ಬೇಲಿಯ ದಣಪೆಯ ಕಡೆಯದು ತೀರ್ಥಹಳ್ಳಿಗೆ. ಎಲ್ಲಕ್ಕಿಂತ ದೊಡ್ಡದಾದ ನಡುವಿನ ಕವಲು ಕೋಣಂದೂರಿಗೆ. ಅವರೇ ಹೆಚ್ಚು ಕೇಳಿದ್ದವರು, ಆದರೆ ಕೊಯ್ಲಿನ ದಿನ ಗೊತ್ತಾದ ಮೇಲೆ ಪಕ್ಕಾ ಬರೆಸುತ್ತೇವೆ ಎಂದಿದ್ದರು.

ಮರ ಹತ್ತುವವರು ಗುರುವಾರ ಎಂದರು. ಸೋಮವಾರ ಬೆಳಿಗ್ಗೆ ಎಲ್ಲ ಅಂಗಡಿಗಳಿಗೂ ದಿನ ತಿಳಿಸುವ ಮೇಲ್ ಕಳಿಸಿದೆ. ಸಂಜೆಯೊಳಗೆ ಎಲ್ಲ ಕಡೆಯಿಂದ ಉತ್ತರ ಬಂತು, ಕೋಣಂದೂರು ಒಂದನ್ನು ಬಿಟ್ಟು. ಸಂತೆಯ ಗಡಿಬಿಡಿ ಇರಬೇಕು ಎಂದುಕೊಂಡೆ. ಮಂಗಳವಾರ ಬೆಳಿಗ್ಗೆ ವರದಿ ತೆರೆದೆ. ಕೋಣಂದೂರಿನ ವಿಳಾಸದ ಮುಂದೆ, ಸೋಮವಾರದ ಮೇಲ್ ಹೋಗುವ ಮೊದಲೇ, ‘ಅನ್‌ಸಬ್‌ಸ್ಕ್ರೈಬ್’ ಎಂದಾಗಿತ್ತು. ಇನ್ನು ನಿಮ್ಮ ಮೇಲ್ ಬೇಡ ಎಂದು ಅವರೇ ಹೊರಗೆ ಹೋಗಿದ್ದಾರೆ ಎಂದು ಇದರ ಅರ್ಥ. ಹಾಗೆ ಹೋದವರನ್ನು ನಾನು ಮತ್ತೆ ಸೇರಿಸಲು ಬರುವುದಿಲ್ಲ, ಅವರೇ ಬರಬೇಕು. ನಡುವಿನ ಕವಲು ಪೂರ್ತಿ ಹೋಯಿತು. ಫೋನು ಮಾಡಿದರೆ ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಅಷ್ಟರಲ್ಲಿ ಅಕ್ಕನ ಫೋನು ಬಂತು. ಗುರುವಾರ ಸುಮ್ಮನೆ ಒಂದು ಸಲ ಬಂದು ಹೋಗಿ ಎಂದು ಮೈದುನ ವ್ಯಾಪಾರಿಗೆ ಹೇಳಿದ್ದಾರಂತೆ. ನಾನು ಅಕ್ಕನಿಗೆ ಏನೂ ಹೇಳದೆ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಜೋಡಿಸಿಕೊಳ್ಳುತ್ತ ಹೋದೆ. ಅಂಗಡಿಯವರು ನನ್ನನ್ನು ನೋಡಿ ಖುಷಿಯಾಗಿ, ಚಾ ತರಿಸಿ, ಗುರುವಾರವೋ ಶುಕ್ರವಾರವೋ ದಿನ ಗೊತ್ತಾಯಿತಾ ಎಂದು ಕೇಳಿದರು. ಜೋಡಿಸಿದ ಮಾತೆಲ್ಲ ಮರೆತುಹೋಯಿತು. ಹೆಸರು ಯಾಕೆ ತೆಗೆದಿರಿ ಎಂದಷ್ಟೇ ಕೇಳಿದೆ.

“ಅದಾ. ಮೇಲಿನ ಕೇರಿ ಮನೆ ಸೊಸೆ ಬಂದಿದ್ರು” ಎಂದರು. “ಅವ್ರ ಅತ್ತೆ ತೀರ್ಕೊಂಡು ಇನ್ನೂ ತಿಂಗ್ಳಾಗಿಲ್ಲ. ಈ ವರ್ಷ ಅವ್ರ ಮನೇಲಿ ಮಿಡಿ ಹಾಕೋ ಹಾಗಿಲ್ಲ. ನಮ್ಮ ಹೆಸರು ತೆಗ್ದುಬಿಡಿ ಅಂದ್ರು. ಕೊನೇಲಿ ನೀವೇ ಬರ್ದಿದೀರಲ್ಲ, ಹೆಸರು ತೆಗೆಯಲು ಇಲ್ಲಿ ಒತ್ತಿ ಅಂತ. ಒತ್ತಿದೆ.”

“ಅಣ್ಣಾ, ನೀವು ತೆಗ್ದಿದ್ದು ಒಬ್ರನ್ನಲ್ಲ” ಎಂದೆ. “ಊರನ್ನೇ ತೆಗ್ದುಬಿಟ್ರಿ.”

ಅವರು ಕನ್ನಡಕವನ್ನು ತಲೆಯಿಂದ ಕಣ್ಣಿಗಿಳಿಸಿ ಪರದೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಜೆರಾಕ್ಸಿಗೆ ಬಂದವರೊಬ್ಬರು ವಿಷಯ ಗೊತ್ತಿಲ್ಲದೆಯೇ ನಮ್ಮ ಜೊತೆ ನಕ್ಕರು. ಸಾವಿನ ಮನೆಯ ಮಾತು ಬಂದು ಹೋಗಿದ್ದು ನೆನಪಾಗಿ ಮೊದಲು ಅವರೇ ನಗು ನಿಲ್ಲಿಸಿ ಕೀಬೋರ್ಡಿನ ಕಡೆ ತಿರುಗಿದರು.

ಮತ್ತೆ ಫಾರ್ಮ್ ತುಂಬಿ, ‘ಹೌದು, ನಾನೇ’ ಒತ್ತುವ ಮೇಲಿಗೆ ಕಾದೆವು. ನೆಟ್‌ವರ್ಕ್ ಅವತ್ತು ಎಳೆದುಕೊಂಡು ನಡೆಯುತ್ತಿತ್ತು. ಎರಡನೇ ಚಾ ಮುಗಿಯುವಾಗ ಮೇಲ್ ಬಂತು, ಒತ್ತಿದರು, ದಿನ ತಿಳಿಸುವ ಪುಟ ಪ್ರಿಂಟಾಗಿ ಗಾಜಿಗೆ ಹತ್ತಿತು. ಉಳಿದದ್ದು ಬುಧವಾರ ಒಂದೇ. ಆಗ ನಾನು ಮರದ ಕಥೆಯನ್ನೂ ಹೇಳಿದೆ. ಟೊಂಗೆ ಕಡಿಯುವ ಮಾತು ಬಂದಾಗ ಅವರು ಇದನ್ನ ಮೊದಲೇ ಹೇಳಬಾರದಿತ್ತಾ ಎಂದು ಸಣ್ಣಗೆ ಬೈದರು. ಮಧ್ಯಾಹ್ನ ಅಂಗಡಿ ಸುಮ್ಮನಿದ್ದಾಗ ಮನೆಮನೆಗೆ ಫೋನು ಮಾಡುತ್ತೇನೆ, ಹಾಳೆ ಹೇಗಾದರೂ ತಲುಪಿಸುತ್ತೇನೆ, ನೀವು ನಿಟ್ಟೂರಿಗೆ ಹೋಗಿ ಎಂದರು.

ಗುರುವಾರ ಬೆಳಿಗ್ಗೆ ನಿಟ್ಟೂರಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಬುಧವಾರ ಸಂಜೆಯ ಗಾಳಿಗೆ ಎಲ್ಲೋ ಕಂಬ ಬಿದ್ದಿತ್ತು. ಮರ ಹತ್ತುವವರು ಹಗ್ಗ, ಬುಟ್ಟಿ ಇಳಿಸಿಕೊಂಡು ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದರು. ವ್ಯಾಪಾರಿಯ ಪಿಕಪ್ ಗಾಡಿ ಅಂಗಳದ ಆಚೆ ನಿಂತಿತ್ತು, ಹಿಂದೆ ಗರಗಸ ಕಾಣುತ್ತಿತ್ತು. ಮೈದುನ ಯಾರ ಮುಖವನ್ನೂ ನೋಡದೆ ಓಡಾಡುತ್ತಿದ್ದರು. ಬೇರೆ ಊರುಗಳ ಹೆಸರು ಕೂಡಿಸಿದರೂ ನಡುವಿನ ಕವಲು ಹಾಗೇ ಉಳಿಯುತ್ತಿತ್ತು. ಮಾತು ಕೊಟ್ಟದ್ದು ಮರದ ಅಷ್ಟೂ ಮಿಡಿಗೆ. ಅಕ್ಕ ನನಗೆ ದೋಸೆ ಹಾಕಿಕೊಟ್ಟರು.

ಬಸ್ಸಿನ ಹಾರ್ನ್ ಕೇಳಿತು. ನಮ್ಮ ಕಡೆ ಖಾಸಗಿ ಬಸ್ಸಿನಲ್ಲಿ ಪೇಪರು, ಔಷಧ, ಹೊಲಿಸಿದ ರವಿಕೆ ಎಲ್ಲ ಬರುತ್ತದೆ. ಆ ಹಾರ್ನು ಯಾರಿಗೋ ಏನೋ ಬಂದಿದೆ ಎಂದರ್ಥ. ಓಡಿಹೋದೆ. ಕಂಡಕ್ಟರ್ ರಬ್ಬರ್ ಬ್ಯಾಂಡ್ ಹಾಕಿದ ಸುರುಳಿಯೊಂದನ್ನು ಕೊಟ್ಟು, ಬಸ್ಸಿಂದ ಬಸ್ಸಿಗೆ ದಾಟಿಸಿಕೊಂಡು ತಂದಿದ್ದಾಗಿ ಹೇಳಿ, “ಇದು ಇಮೇಲ್ ಅಂತೆ, ಮಡಚಬೇಡಿ ಅಂದಿದಾರೆ” ಎಂದರು.

ಜಗಲಿಯಲ್ಲಿ ಬಿಡಿಸಿದೆವು. ಹಾಳೆ ತುಂಬ ಹೆಸರು. ಹಲವು ಹೆಸರುಗಳ ಕೆಳಗೆ ಇನ್ನೊಂದು ಸಾಲು ಇತ್ತು. ‘ಮೇಲಿನ ಕೇರಿ ಮನೆಗೆ ನೂರು.’ ಮತ್ತೊಂದರ ಕೆಳಗೂ ಅದೇ, ಹಿಂದಿನ ಪುಟದಲ್ಲೂ ಅದೇ. ಅಂಗಡಿಯವರು ಲೆಕ್ಕ ತಪ್ಪಿದ್ದಾರೆ ಎಂದುಕೊಂಡೆ. ಅಕ್ಕ ಒಂದು ಸಲ ಓದಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು.

“ಸಾವಾದ ಮನೇಲಿ ಆ ವರ್ಷ ಮಿಡಿಗೆ ಉಪ್ಪು ಹಾಕಲ್ಲ ತಂಗಿ. ಹಾಗಂತ ಅವ್ರು ಉಪ್ಪಿನಕಾಯಿ ಇಲ್ದೆ ಊಟ ಮಾಡಕ್ಕಾಗ್ತದಾ” ಎಂದರು. “ಆಚೀಚೆಯವ್ರು ತಮ್ಮದ್ರ ಜೊತೆ ಹಾಕಿ ಭರಣಿ ಕಳಿಸ್ತಾರೆ. ನನ್ನ ಅತ್ತೆ ಹೋದ ವರ್ಷ ನಂಗೂ ಬಂದಿತ್ತು.”

ಊರಿನ ಹೆಸರು ಯಾಕೆ ಹೋಯಿತೆಂದು ಅಂಗಡಿಯವರು ಮನೆಮನೆಗೆ ಫೋನು ಮಾಡುವಾಗ ಹೇಳಿದ್ದಿರಬೇಕು. ಕೇಳಿದವರೆಲ್ಲ, ಇನ್ನೊಬ್ಬರು ಬರೆಸಿದ್ದು ಗೊತ್ತಿಲ್ಲದೆ, ಆ ಮನೆಯ ಪಾಲನ್ನೂ ಬರೆಸಿದ್ದಾರೆ. ಮರ ಹತ್ತುವವರಲ್ಲಿ ಹಿರಿಯರು ಕವಳ ಉಗುಳಿ ಬಂದು ಒಟ್ಟು ಎಷ್ಟು ನೂರು ಎಂದು ಕೇಳಿ, ಮರವನ್ನು ಮೇಲಿಂದ ಕೆಳಗೆ ನೋಡಿ, ಅಷ್ಟು ಮಿಡಿ ಈ ಮರದಲ್ಲಿ ಇಲ್ಲ ಎಂದರು.

ಮೈದುನ ಹಾಳೆಯನ್ನು ಪೂರ್ತಿ ಓದಿದರು. ಓದಿ ಅಕ್ಕನ ಕೈಗೆ ವಾಪಸು ಕೊಟ್ಟು ಗಾಡಿಯ ಹತ್ತಿರ ಹೋದರು. “ಈ ಮರದ್ದು ಮುಗೀತು ಮಾರಾಯ್ರೆ. ಚಾ ಕುಡ್ದು ಹೋಗಿ” ಎಂದದ್ದು ನಮಗೂ ಕೇಳಿತು. ವ್ಯಾಪಾರಿ ಚಾ ಕುಡಿದು, ತನ್ನ ಮನೆಗೂ ನೂರು ಮಿಡಿ ಸಿಗಬಹುದಾ ಎಂದು ಕೇಳಿ, ಸಿಗದೆ ಬರಿಗೈಯಲ್ಲಿ ಹೊರಟ.

ಅವತ್ತು ಸಂಜೆಯ ಬಸ್ಸುಗಳಲ್ಲಿ ಬುಟ್ಟಿಗಳು ಹೋದವು. ಮರುದಿನ ಅಕ್ಕ ಹೇಳಿದ ಹಾಗೇ ಎಲ್ಲ ಅಂಗಡಿಗಳಿಗೂ ಮೇಲ್ ಬರೆದೆ: ಕೊಯ್ಲು ಮುಗಿಯಿತು, ಒಂದು ಟೊಂಗೆಯೂ ಮುರಿದಿಲ್ಲ. ಆ ಸಣ್ಣಕ್ಷರದ ಸಾಲಿನ ಪಕ್ಕ ‘ಒತ್ತುವ ಮೊದಲು ನನಗೆ ಫೋನು ಮಾಡಿ’ ಎಂದು ದೊಡ್ಡದಾಗಿ ಸೇರಿಸಿದೆ. ಮುಂದಿನ ವರ್ಷ ಮರ ಸುಮ್ಮನಿತ್ತು. ಅಪ್ಪೆಯ ಸ್ವಭಾವವೇ ಹಾಗೆ, ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ವಿಶ್ರಾಂತಿ. ಈ ವರ್ಷ ಮಿಡಿ ಇಲ್ಲ ಎಂದು ಮೇಲ್ ಮಾಡಿದೆ. ಯಾರೂ ಹೆಸರು ತೆಗೆಯಲಿಲ್ಲ.

ಈ ಸಲ ಮರ ಮತ್ತೆ ಮಿಡಿಗಟ್ಟಿತು. ಮೊದಲ ಮೇಲ್ ಹೋದ ಮರುದಿನವೇ ಕೋಣಂದೂರಿನಿಂದ ಫೋನು ಬಂತು. ಒತ್ತುವ ಮೊದಲು ಕೇಳುತ್ತಿದ್ದೇನೆ, ಮೇಲಿನ ಕೇರಿ ಮನೆ ಸೊಸೆ ಇಲ್ಲೇ ಇದ್ದಾರೆ, ನೀವೇ ಮಾತಾಡಿ ಎಂದರು ಅಂಗಡಿಯವರು.

“ನಮ್ಮನೇಲಿ ಅವತ್ತು ಬಂದ ಭರಣಿಗಳೇ ಇನ್ನೂ ಖಾಲಿ ಆಗಿಲ್ಲ” ಎಂದರು ಆಕೆ. ಹಾಗಾದರೆ ಹೆಸರು ತೆಗೆಯಬೇಕಾ ಎಂದು ಕೇಳಿದೆ.

“ತೆಗೀಬೇಡಿ. ಕೆಳಗಿನ ಕೇರೀಲಿ ಒಂದು ಮನೇಲಿ ಈ ವರ್ಷ ಉಪ್ಪು ಹಾಕೋ ಹಾಗಿಲ್ಲ. ಅವ್ರ ನೂರು ನನ್ನ ಹೆಸರಿಗೆ ಬರೀರಿ.”